ನಮ್ಮ ಮನೆಯ ಮುಳ್ಳಿಲ್ಲದ ಬನ್ನಿ

ನಾನು ಬಾಯಿ ಬಿಡುವುದೇ ಅಪರೂಪ. ಬಿಟ್ಟಾಗಲೆಲ್ಲ ಮನೆಯಲ್ಲಿ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ.

ಹೆಸರಿಟ್ಟದ್ದು

ನಾವು ಬಂದು ನೆಲೆಸಿದ ತೆಲುಗು ಊರಿನ ಮನೆಯಲ್ಲಿ, ನೀರಿನ ಸಂಪಿನ ಪಕ್ಕ ತಾನಾಗಿಯೇ ಒಂದು ಸಸಿ ಎದ್ದಿತ್ತು. "ಇಂಗ್ಲಿಷ್ ಸಾಲ್ಯಾಗ ಬಾಟನಿ ಓದಿದಾಕಿ ನೀ. ಇದ್ಯಾವ ಗಿಡ ಹೇಳು ನೋಡೋಣು," ಅಂದಳು ಅವ್ವ. ನಾನು ಗಿಡಗಳನ್ನು ನೋಡಿದ್ದು ಪುಸ್ತಕದಲ್ಲಿ, ಅದೂ ಉದ್ದುದ್ದ ಕತ್ತರಿಸಿ ಬಾಣದ ಗುರುತು ಹಾಕಿದ್ದನ್ನು. ಎಲೆ ಸಣ್ಣಸಣ್ಣಗಿತ್ತು. ದಸರೆಯಲ್ಲಿ ಹಂಚುವ ಎಲೆಯೂ ಹೀಗೇ ಅಲ್ಲವೇ? "ಬನ್ನಿ ಇರಬೇಕು," ಅಂದೆ. ನಾನು ಚಹಾದ ಕಪ್ಪು ಕೆಳಗಿಡುವಷ್ಟರಲ್ಲಿ ಅವ್ವ ಅರಿಷಿಣ ಕುಂಕುಮ ಹಚ್ಚಿ ಆಗಿತ್ತು.

"ಬನ್ನಿಗೆ ಮುಳ್ಳ ಇರ್ತಾವಲ್ಲ?" ಅಪ್ಪನ ಅನುಮಾನ.

"ಎಲ್ಲಾಕ್ಕೂ ಮುಳ್ಳ ಇರಬೇಕೇನ್ರಿ? ನಮ್ಮ ಮಗಳಂಗ ಭಾಳ ಸಂಭಾವಿತ ಐತಿ."

ಅದರ ಬಳಗ

ತಿಂಗಳುಗಳು ಕಳೆದ ಮೇಲೆ ಒಂದು ದಿನ ಅಮೀರ್‌ಪೇಟ್‌ಗೆ ಕೆಲಸಕ್ಕೆ ಹೋಗುತ್ತ ಮೆಟ್ರೋ ಕಿಟಕಿಯಿಂದ ನೋಡುತ್ತೇನೆ, ಖಾಲಿ ಸೈಟುಗಳ ತುಂಬ ನಮ್ಮ ಬನ್ನಿಯೇ ಬನ್ನಿ! ಫೋನಿನಲ್ಲಿ ಹುಡುಕಿದರೆ ಸುಬಾಬುಲ್. ಒಮ್ಮೆ ಹೊಕ್ಕರೆ ಬೀಜ ಉದುರಿಸಿ ಅಂಗಳವನ್ನೇ ನುಂಗುವ ಗಿಡವಂತೆ. ಅಷ್ಟರಲ್ಲಿ ನಮ್ಮದು ತಾರಸಿ ಮುಟ್ಟಿತ್ತು. ಅದರ ಮಕ್ಕಳು ಮಲ್ಲಿಗೆ ಕುಂಡದಲ್ಲಿ, ಕರಿಬೇವಿನ ಬುಡದಲ್ಲಿ, ಕಡೆಗೆ ತುಳಸಿಕಟ್ಟೆಯಲ್ಲೂ ತಲೆಯೆತ್ತಿದ್ದವು.

"ಈ ದಸರಿಗೆ ನಮ್ಮ ಬನ್ನೀನ ಓಣಿಗೆಲ್ಲ ಹಂಚೂದು," ಎಂದು ಅವ್ವ ಸಾರಿಬಿಟ್ಟಿದ್ದಳು. ಅಷ್ಟರೊಳಗೆ ಗಿಡ ಹೋಗಬೇಕು, ಇಲ್ಲವೇ ಓಣಿಯೆದುರು ಅವ್ವನ ಮಾನ ಹೋಗಬೇಕು. ನಿಜ ಹೇಳೋಣವೆಂದು ಅಡುಗೆಮನೆಗೆ ಹೋದೆ.

"ಏನವಾ?" ಅಂದಳು.

"ನೀರು," ಅಂದೆ.

ಹೀಗೆ ದಿನಾ ಹೋದೆ. ಆ ತಿಂಗಳು ನಾನು ಕುಡಿದಷ್ಟು ನೀರನ್ನು ಆ ಗಿಡವೂ ಕುಡಿದಿರಲಿಕ್ಕಿಲ್ಲ.

ಕೊಡಲಿಯವನು

ಅವ್ವ ಸೀರೆಗೆಂದು ಕೋಠಿ ಪೇಟೆಗೆ ಹೋದ ದಿನ ಗಿಡ ಕಡಿಯುವವನನ್ನು ಕರೆಸಿ, ನನಗೆ ಬರುವ ಹಿಂದಿಯಲ್ಲಿ ಬೇರು, ಬೀಜ, ಸಂಪು ಎಲ್ಲ ವಿವರಿಸಿದೆ. ಅವನು ತಲೆಯಾಡಿಸುತ್ತ ಕೇಳಿ, ಹೆಂಡತಿಗೆ ಫೋನ್ ಹಚ್ಚಿದ: "ಏ, ತಡಾ ಆಕ್ಕೈತಿ. ಇಲ್ಲೊಬ್ಬಾಕಿ ಏನ್ ಮಾತಾಡಾಕತ್ತಾಳೋ ಒಂದೂ ತಿಳಿವಲ್ದು."

"ನಾನೂ ಕನ್ನಡದಾಕೀನರಿ," ಅಂದೆ.

ಅವನಿಗೆ ಖುಷಿಯೋ ಖುಷಿ. ಹುರುಪಿನಿಂದ ಕೊಡಲಿ ಎತ್ತಿದವನು ಕುಂಕುಮ ಕಂಡು ಇಳಿಸಿದ.

"ಇದು ಬನ್ನಿ ಅಲ್ರಿ, ಸುಬಾಬುಲ್," ಅಂದೆ.

"ಯಾವದರ ಇರಲಿ ಅಕ್ಕಾರ. ಇಷ್ಟ ದಿನ ಪೂಜಿ ಮಾಡಿಸಿಕೊಂಡೈತಿ. ನೀ ದೇವರಲ್ಲ ಅಂತ ಈಗ ಅದಕ್ಕ ಹೆಂಗ ಹೇಳೂದ್ರಿ?"

ಅವ್ವನ ವಿಷಯದಲ್ಲಿ ನನ್ನ ತೊಂದರೆಯೂ ಅದೇ ಆಗಿತ್ತು.

ಗರಗಸ

ಅವನು ಗಿಡಕ್ಕೆ ಕೈಮುಗಿದು ಹೋದ ಮೇಲೆ ನಾನೇ ಬುಡಕ್ಕೆ ಕೊಯ್ದು, ಮೋಟಿನ ಮೇಲೆ ಕುದಿಯುವ ನೀರು ಸುರಿದೆ. ಅವ್ವನಿಗೆ "ಗಾಳಿಗೆ ಮುರೀತು" ಅಂದೆ. ಕೆಲವೇ ದಿನಗಳಲ್ಲಿ ಮೋಟಿನ ಸುತ್ತ ಚಿಗುರಿನ ದಂಡು. ಅವ್ವ ಊದಿನಕಡ್ಡಿ ಹಚ್ಚಿ ಕೆನ್ನೆ ಬಡಿದುಕೊಂಡಳು: "ನೋಡವಾ, ಎಂಥಾ ಸತ್ಯುಳ್ಳ ಗಿಡ!"

ದಸರೆ

ಸಂಜೆ ಓಣಿಯವರೆಲ್ಲ ನಮ್ಮ ಅಂಗಳದಲ್ಲಿ ಸೇರಿದ್ದರು. ತಟ್ಟೆಯ ತುಂಬ ಆ ಚಿಗುರೇ. ಅವ್ವ "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ" ಎನ್ನುವಷ್ಟರಲ್ಲಿ ನನಗೆ ಎಲ್ಲಿಂದ ಬಂತೋ ಧೈರ್ಯ, "ಇದು ಬನ್ನಿ ಅಲ್ಲ!" ಅಂದುಬಿಟ್ಟೆ. ಶುರುವಾದ ಮೇಲೆ ನಿಲ್ಲಲೇ ಇಲ್ಲ. ಬೀಜ, ಬೇರು, ಗರಗಸ, ಗಾಳಿಯ ಸುಳ್ಳು, ಎಲ್ಲವನ್ನೂ ಕನ್ನಡ, ತೆಲುಗು, ಹಿಂದಿ ಮೂರರಲ್ಲೂ ಹೇಳಿದೆ. ಎಲ್ಲರೂ ಬೆರಗಾಗಿ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಪಕ್ಕದ ಮನೆ ತೆಲುಗು ಆಂಟಿಯ ಕಣ್ಣು ತುಂಬಿ ಬಂತು. ನನಗೂ ಹಗುರಾಯಿತು.

ಆಂಟಿ ಅವ್ವನ ಕೈ ಹಿಡಿದು ತೆಲುಗಿನಲ್ಲಿ ಅಂದರು: "ಅತ್ತಿಗೇ, ಇಷ್ಟು ವರ್ಷದಲ್ಲಿ ನಿಮ್ಮ ಹುಡುಗಿಯ ಧ್ವನಿಯನ್ನೇ ನಾನು ಕೇಳಿರಲಿಲ್ಲ. ಈ ಗಿಡಕ್ಕೆ ನೀರೆರೆದದ್ದಕ್ಕೆ ಎಷ್ಟು ಚೆನ್ನಾಗಿ ಮಾತು ಬಂತು ನೋಡಿ! ನಮ್ಮ ಹುಡುಗನೂ ಮೂಗನ ಹಾಗೆ ಇರ್ತಾನೆ. ನಮಗೊಂದು ಸಸಿ ಕೊಡ್ತೀರಾ?"

ಅವ್ವ ಕುಂಡಗಳಲ್ಲಿದ್ದ ಸಸಿಗಳನ್ನೆಲ್ಲ ಕಿತ್ತು, ಕುಂಕುಮ ಹಚ್ಚಿ ಹಂಚಿದಳು. ಈಗ ನಮ್ಮ ಓಣಿಯಲ್ಲಿ ನಾಚಿಕೆ ಸ್ವಭಾವದ ಮಕ್ಕಳಿರುವ ಮನೆ ಯಾವುದೆಂದು ಕೇಳಬೇಕಾಗಿಲ್ಲ. ಕಾಂಪೌಂಡಿನ ಮೇಲೆ ಸುಬಾಬುಲ್ ಕಾಣುತ್ತದೆ.