ಟಿವಿಯಲ್ಲಿ ಕಂಡ ನನ್ನ ಬೆನ್ನು

ನಮ್ಮ ನಗರದಂಚಿನ ಮಿಯಾಪುರದ ಕಡೆ ಅಪಾರ್ಟ್‌ಮೆಂಟುಗಳು ಏಳುತ್ತಿದ್ದ ಕಾಲ. ಹೊಸ ಸಾಫ್ಟ್‌ವೇರ್ ಕಂಪನಿಗಳ ಬೋಳು ಗೋಡೆಗಳಿಗೆ ಚಿತ್ರಗಳು ಬೇಕಾಗಿದ್ದವು. ನಾಚಾರಂನ ಮನೆಯಲ್ಲಿ ಮನುಷ್ಯರ ಚಿತ್ರ ಬರೆಯುತ್ತ, ಫೋಟೋ ತೆಗೆಯುತ್ತ ತಲೆ ನರೆತ ನನಗೂ ಶುಕ್ರದೆಸೆ ಬಂತು. ಅಬಿಡ್ಸ್‌ನಲ್ಲಿ ನನ್ನ ಪ್ರದರ್ಶನ ಗೊತ್ತಾಯಿತು. ಕನ್ನಡ ವಾಹಿನಿಯೊಂದು ಸಂದರ್ಶನಕ್ಕೆ ಬರುತ್ತೇನೆಂದಿತು. ಟಿವಿಯಲ್ಲಿ ನಾಲ್ಕು ಮಾತಾಡುವುದು ಏನು ಮಹಾ ಕೆಲಸ ಎಂದುಕೊಂಡೆ.

ಏಪ್ರಿಲ್ ಸೆಕೆಯಲ್ಲಿ ಬಿಳಿ ರೇಷ್ಮೆ ಜುಬ್ಬಾ ತೊಟ್ಟು, ಹೆಂಡತಿ ಸರೋಜಾಳಿಗೆ ಅಪ್ಪಣೆ ಕೊಟ್ಟೆ: "ಅವರು ಹೋಗೂತನಕ ನೀ ಅಡಿಗಿಮನ್ಯಾಗ ಇರು. ಇದು ಕಲಾದ ಬಗ್ಗೆ ಗಂಭೀರ ಮಾತು."

"ಇರ್ತೀನ್ರಿ. ಚಾ ತರಬಹುದೋ, ಅದೂ ಗಂಭೀರ ಐತೇನು?"

ವರದಿಗಾರ್ತಿ ಬೀದರ ಕಡೆಯ ಹುಡುಗಿ. ಬಂದವಳೇ ದೊಡ್ಡ ಚಿತ್ರದೆದುರು ನಿಂತಳು. ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತ ಹೆಂಗಸು. ಕೂತವಳು ನಮ್ಮ ಸರೋಜಾಳೇ. ಆ ಬೆಳಿಗ್ಗೆ ತಾನೇ ಸೀರೆಗೆ ಇನ್ನೊಂದು ಸಲ ಕೆಂಪು ಬಳಿದಿದ್ದೆ.

"ಇವ್ರು ಯಾರ‍್ರಿ ಸರ್?"

ಹೆಂಡತಿ ಎಂದಿದ್ದರೆ ಮುಗಿಯುತ್ತಿತ್ತು. ಯಾಕೋ ಅದು ತೀರ ಮನೆಮಾತು ಅನ್ನಿಸಿತು. ಗಂಟಲು ಸರಿಪಡಿಸಿಕೊಂಡು, "ಈಕೆ ಯಾರೂ ಅಲ್ಲ. ನನ್ನ ಕಲ್ಪನೆಯ ಸ್ತ್ರೀ" ಎಂದೆ.

ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು. ಸರೋಜಾ ಚಹದ ತಟ್ಟೆಯೊಂದಿಗೆ ಪ್ರತ್ಯಕ್ಷಳಾದಳು.

"ಕಲ್ಪನಾ ಏನ್ರಿ? ಮಣಕಾಲು ಹಿಡದ್ರೂ ಅಲ್ಲಾಡಬ್ಯಾಡ ಅಂತ ಕುಂಡ್ರಿಸಿದ್ದು ಯಾರನ್ನ? ಮೂಗು ಸರಿ ಬರವಲ್ದು ಅಂತ ಬೈದಿದ್ದು ಯಾರ ಮೂಗಿಗೆ?"

ಕ್ಯಾಮೆರಾ ಅವಳತ್ತ ತಿರುಗಿತು. ಮತ್ತೆ ನನ್ನತ್ತ ಬರಲಿಲ್ಲ.

"ಕೂಡ್ರಿ ಅಕ್ಕಾರ, ಪೂರಾ ಹೇಳ್ರಿ" ಎಂದಳು ಹುಡುಗಿ.

ಸರೋಜಾ ಹೇಳಿದಳು. ಘಾಟಿಗೆ ಸೀನಿದರೂ ಭಂಗಿ ಕೆಟ್ಟಿತೆಂದು ನಾನು ಗದರಿದ್ದನ್ನೂ ಬಿಡಲಿಲ್ಲ. ಕೊನೆಗೆ ಚಿತ್ರದ ಕೈಗಳನ್ನು ತೋರಿಸಿ ಮೆಲ್ಲಗೆ, "ಇವು ನನ್ನವಲ್ರಿ, ನಮ್ಮ ಅವ್ವನ ಕೈ. ಇವ್ರು ಆಕೀನ್ನ ನೋಡೇ ಇಲ್ಲ. ಹ್ಯಾಂಗ ಬಂದಾವೋ" ಎಂದಳು.

ನನ್ನ ಬಗ್ಗೆ ಅಂಥ ಮಾತನ್ನು ಯಾವ ವಿಮರ್ಶಕರೂ ಆಡಿರಲಿಲ್ಲ. ಸುಖದಿಂದ ಒಂದು ಹೆಜ್ಜೆ ಹಿಂದೆ ಸರಿದು, ಹಿಂದಿದ್ದುದಕ್ಕೆ ಒರಗಿದೆ. ಹಿಂದಿದ್ದದ್ದು ಆ ಹಸಿ ಚಿತ್ರ!

"ಜುಬ್ಬಾ ಬಿಡ್ರಿ, ನನ್ನ ಸೀರಿ ಹೋತಲ್ರೀ" ಎಂದಳು ಸರೋಜಾ.

ಟಿವಿಯಲ್ಲಿ ಬಂದ ಕಾರ್ಯಕ್ರಮದ ತುಂಬ ಅವಳೇ ಮಾತಾಡಿದಳು. ನಾನು ಒಮ್ಮೆ ಮಾತ್ರ ಕಂಡೆ: ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿರುವ, ಬೆನ್ನೆಲ್ಲ ಕೆಂಪಾದ ಒಬ್ಬ ವ್ಯಕ್ತಿ.

ಸೀರೆಯನ್ನು ಮತ್ತೆ ಬರೆದೆ. ಪ್ರದರ್ಶನಕ್ಕೆ ಜನ ಕಿಕ್ಕಿರಿದರು. ಎಲ್ಲರೂ ಆ ಚಿತ್ರದ ಮುಂದೆ ಸರೋಜಾಳನ್ನು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುವವರೇ. ಮೂಲೆಯಲ್ಲಿ ಹಾಯಾಗಿ ನಿಂತಿದ್ದೆ. ಕೊರಳಿಗೆ ಕಂಪನಿಯ ಬಿಲ್ಲೆ ತೂಗುಹಾಕಿಕೊಂಡ ಯುವಕನೊಬ್ಬ ತನ್ನ ಕ್ಯಾಮೆರಾ ನನ್ನ ಕೈಗಿತ್ತ.

"ಅಂಕಲ್, ನಿಮಗೆ ಫೋಟೋ ತೆಗಿಯಾಕ ಬರ್ತೈತೇನ್ರಿ?"

"ಸ್ವಲ್ಪ ಬರ್ತೈತ್ರಿ" ಎಂದೆ.