ಐವತ್ತು ಗಂಟಲುಗಳ ಗ್ರೀಕ್ ಭಜನೆ

ನಮ್ಮ ಭಾವನವರು, ಅಂದರೆ ನನ್ನ ಯಜಮಾನರ ಅಣ್ಣ, ಭಜನೆಗೆ ನಿಂತರೆ ದೇವರಿಗೇ ಗಾಬರಿಯಾಗುತ್ತದೆ ಎಂದರೆ ನೀವು ನಂಬಲಿಕ್ಕಿಲ್ಲ. ಅವರು ಎರಡು ಪ್ಲಾಸ್ಟಿಕ್ ಕೊಳಲುಗಳನ್ನು ಒಟ್ಟಿಗೆ ಬಾಯಿಗಿಟ್ಟುಕೊಂಡದ್ದನ್ನು ನೀವು ನೋಡಿಲ್ಲವಲ್ಲ, ಅದಕ್ಕೆ!

ರಿಸೆಷನ್ ವರ್ಷಗಳ ಮಾತು. ಡೆಟ್ರಾಯಿಟ್ ಕಡೆಯ ಕಾರು ಕಂಪನಿಗಳು ಮುಗ್ಗರಿಸಿದಾಗ ಸೌತ್‌ಫೀಲ್ಡ್‌ನಲ್ಲಿದ್ದ ಭಾವನವರ ಆಫೀಸೂ ಮುಚ್ಚಿತು. ಮದುವೆಯಾಗದ ಮನುಷ್ಯ, ಎರಡು ಸೂಟ್‌ಕೇಸು, ಒಂದು ಪ್ರೆಶರ್ ಕುಕ್ಕರ್ ಹಿಡಿದು ನಮ್ಮ ಬೇಸ್‌ಮೆಂಟಿಗೆ ಬಂದಿಳಿದರು. ಕುಕ್ಕರು ನನ್ನದಕ್ಕಿಂತ ಚೆನ್ನಾಗಿತ್ತು. ಅದೂ ದೇವರ ದಯೆಯೇ.

ಅದೇ ಬೇಸ್‌ಮೆಂಟಿನಲ್ಲಿ ಶನಿವಾರ ಶನಿವಾರ ನಮ್ಮ ಭಜನೆ. ನಲವತ್ತು ಜನ ಸೇರುತ್ತಿದ್ದದ್ದು ಆ ಚಳಿಗಾಲಕ್ಕೆ ಹನ್ನೊಂದಕ್ಕೆ ಇಳಿದಿತ್ತು. ಕೆಲವರು ಊರು ಬಿಟ್ಟಿದ್ದರು. ಮಿಕ್ಕವರು ಮನೆಯಲ್ಲೇ ಇದ್ದರು, ಆದರೆ ಬರುತ್ತಿರಲಿಲ್ಲ. ಬಂದರೆ ಯಾರಾದರೂ "ಕೆಲಸ ಹೇಗಿದೆ?" ಅಂದುಬಿಡುತ್ತಾರಲ್ಲ! ಯುಗಾದಿಗೆ ನಿಲ್ಲಿಸಿಬಿಡೋಣ ಎಂದು ನಮ್ಮವರು ಹೇಳಿದ್ದೂ ಆಗಿತ್ತು. ಹದಿನಾಲ್ಕು ವರ್ಷ ದೀಪ ಹಚ್ಚಿದವಳು ನಾನು, ಅನ್ನ ಸೇರಲಿಲ್ಲ.

ಭಾವನವರಿಗೆ ಅನ್ನ ಚೆನ್ನಾಗಿಯೇ ಸೇರುತ್ತಿತ್ತು. ಜೊತೆಗೆ ಆನ್ ಆರ್ಬರ್‌ನ ಯೂನಿವರ್ಸಿಟಿಯ ಪುಕ್ಕಟೆ ಉಪನ್ಯಾಸಗಳೂ. ಕೆಲಸಕ್ಕೆ ಅರ್ಜಿ ಹಾಕಿ ಹಾಕಿ ಬೇಸತ್ತು, ನಲವತ್ತು ಮೈಲಿ ಡ್ರೈವ್ ಮಾಡಿಕೊಂಡು ಹೋಗಿ ಅಲ್ಲಿ ಕೂತಿರುತ್ತಿದ್ದರು. ಒಂದು ಸಂಜೆ ಬಂದವರೇ ಅಡುಗೆಮನೆಗೆ ನುಗ್ಗಿದರು.

"ನೋಡಮ್ಮಾ, ನಾವು ಇಷ್ಟು ವರ್ಷ ಭಜನೆ ಮಾಡಿದ್ದೆಲ್ಲ ತಪ್ಪು!"

"ಮೊದಲು ಬೂಟು ಬಿಚ್ಚಿ ಭಾವ, ಆಮೇಲೆ ತಪ್ಪು ಹುಡುಕಿ."

"ಡಿಥಿರಾಂಬ್ ಅಂತ. ಹಳೇ ಗ್ರೀಕರು ದೇವರ ಮುಂದೆ ಹಾಡ್ತಿದ್ದದ್ದು. ಐವತ್ತು ಜನ, ಸುತ್ತ ನಿಂತು, ಕುಣೀತಾ, ಮೈಮೇಲೆ ಬಂದೋರ ಥರ! ಪಂಗಡ ಪಂಗಡಕ್ಕೂ ಪೈಪೋಟಿ. ಗೆದ್ದವರಿಗೆ ಗೂಳಿ ಬಹುಮಾನ ಕೊಡ್ತಿದ್ರಂತೆ!"

"ನಮ್ಮ ಸಬ್‌ಡಿವಿಷನ್‌ನಲ್ಲಿ ಗೂಳಿ ಕಟ್ಟೋಕೆ ಬಿಡಲ್ಲ. ಯಾವ ದೇವರಿಗೆ ಹಾಡೋದು?"

ಭಾವನವರು ತಡವರಿಸಿದರು. "ಡಯೊನೈಸಸ್ ಅಂತ. ದ್ರಾಕ್ಷಿ ದೇವರು ಅಂದ್ಕೊ."

ದ್ರಾಕ್ಷಿಯಿಂದ ಏನು ಮಾಡುತ್ತಾರೆಂದು ನನಗೆ ತಿಳಿಯದೆ? ನಮ್ಮ ನೈವೇದ್ಯಕ್ಕೆ ಒಣದ್ರಾಕ್ಷಿ ಮಾತ್ರ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟೆ.

ಗ್ರೀಕರದು ಜೋಡಿ ಕೊಳಲಂತೆ. ಮಗಳು ಸ್ಕೂಲಿನಲ್ಲಿ ಊದುವ ರೆಕಾರ್ಡರ್ ಎಂಬ ಪ್ಲಾಸ್ಟಿಕ್ ಕೊಳಲು ಒಂದು, ಎದುರು ಮನೆಯಿಂದ ಕೇಳಿ ತಂದದ್ದೊಂದು. ಎರಡನ್ನೂ ಬಾಯಿಗಿಟ್ಟು ಭಾವನವರು ಊದಿದರು. ಹತ್ತೇ ನಿಮಿಷಕ್ಕೆ ಪಕ್ಕದ ಮನೆಯಾಕೆ ಬಾಗಿಲು ತಟ್ಟಿ, ನಿಮ್ಮ ನಾಯಿಗೆ ಹುಷಾರಿಲ್ಲವೇ ಎಂದು ಕೇಳಿದಳು. ನಮ್ಮ ಮನೆಯಲ್ಲಿ ನಾಯಿಯೇ ಇಲ್ಲ!

ಮುಂದಿನ ಶನಿವಾರ ಪ್ರ್ಯಾಕ್ಟೀಸು. ಹಾಡು ನಮ್ಮ ದೇವರನಾಮವೇ, ವರಸೆ ಮಾತ್ರ ಗ್ರೀಕರದು. ಮಧ್ಯದಲ್ಲಿ ದೇವರ ಮಂಟಪ, ಸುತ್ತ ನಾವು ಹನ್ನೊಂದು ಜನ. ಒಂದು ಚರಣ ಬಲಕ್ಕೆ ಸುತ್ತಬೇಕು, ಮುಂದಿನ ಚರಣಕ್ಕೆ ತಿರುಗಿ ಎಡಕ್ಕೆ. ಮೊದಲನೆಯದು ಸೊಗಸಾಗಿ ಸಾಗಿತು, ಪ್ರದಕ್ಷಿಣೆಯೇ ತಾನೆ? ಎರಡನೆಯದಕ್ಕೆ ಭಾವನವರು "ತಿರುಗೀ!" ಎಂದು ಕೂಗಿದರು. ಗಂಡಸರು ತಿರುಗಿದರು. ಹೆಂಗಸರು ತಿರುಗಲಿಲ್ಲ! ದೇವರಿಗೆ ಅಪ್ರದಕ್ಷಿಣೆ ಬರಲು ಯಾವ ಹೆಂಗಸು ಒಪ್ಪಿಯಾಳು? ತಲೆಗೆ ತಲೆ ಡಿಕ್ಕಿ ಹೊಡೆದು, ತಾಳದ ಜೋಡಿ ಒಂದೊಂದು ಮೂಲೆಗೆ ಹಾರಿತು. ಕೆಳಗೆ ದಪ್ಪ ಕಾರ್ಪೆಟ್ ಇತ್ತು, ಪುಣ್ಯ.

ನಮ್ಮಲ್ಲೇ ಹಿರಿಯರಾದ ಧಾರವಾಡದ ಆಂಟಿ ಹಣೆ ಉಜ್ಜಿಕೊಳ್ಳುತ್ತಾ ಅಂದರು: "ದೇವರಿಗೆ ಎಡಾ ಮಗ್ಗಲಾ ತೋರಿಸಲಿಕ್ಕೆ ನಾ ಬಂದಿಲ್ಲಪಾ. ನಿಮ್ಮ ಗ್ರೀಕರು ಬೇಕಾದ್ರ ತಿರಗಲಿ!"

ಎರಡನೆಯ ಚರಣ ನಿಂತಲ್ಲೇ ಕುಣಿಯುವುದೆಂದು ರಾಜಿಯಾಯಿತು.

ಆಮೇಲೆ ಭಾವನವರು ಫೋನ್ ಹಿಡಿದು ಕೂತರು. ಬರುವುದನ್ನು ಬಿಟ್ಟವರನ್ನೆಲ್ಲ ಹುಡುಕಿ ಹುಡುಕಿ ಕರೆದರು. "ಹಾಡೋಕೆ ಬರಲ್ವಾ? ಒಳ್ಳೇದೇ ಆಯ್ತು ಬನ್ರೀ. ನೀವು ಇಪ್ಪತ್ಮೂರನೇ ಗಂಟಲು!"

"ಐವತ್ತೇ ಯಾಕೆ ಭಾವ? ಹನ್ನೊಂದು ಜನ ಹಾಡಿದ್ರೆ ದೇವರಿಗೆ ಕೇಳಲ್ವಾ?" ಎಂದೆ.

"ದೇವರಿಗೆ ಕೇಳತ್ತೆ ಕಣಮ್ಮ. ಆದ್ರೆ ಹನ್ನೊಂದರಲ್ಲಿ ಒಬ್ಬೊಬ್ಬರ ಮುಖಾನೂ ಕಾಣತ್ತೆ. ಐವತ್ತರಲ್ಲಿ ಕೆಲಸ ಹೋದೋರು ಯಾರು ಅಂತ ಯಾರು ಹುಡುಕ್ತಾರೆ?"

ಚಪಾತಿ ಲಟ್ಟಿಸುತ್ತಿದ್ದವಳು ಇನ್ನೊಂದಷ್ಟು ಹಿಟ್ಟು ಕಲಸಲು ಎದ್ದೆ.

ಯುಗಾದಿಯ ಹಿಂದಿನ ಶನಿವಾರ ನಮ್ಮ ಡ್ರೈವ್‌ವೇ ಸಾಲದಾಯಿತು. ಕೆಲಸ ಹೋಗಿ, ಊರು ಬಿಟ್ಟು, ದೂರದ ಗ್ಲೆಂಡೇಲ್ ಹೈಟ್ಸ್‌ನಲ್ಲಿ ತಂಗಿಯ ಮನೆ ಸೇರಿದ್ದ ದಂಪತಿ ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಬಂದಿದ್ದರು. ಎಣಿಸಿದರೆ ನಲವತ್ತಾರು. "ಉಳಿದ ನಾಲ್ಕು ಗಂಟಲು ಆಂಟಿ ಒಬ್ಬರೇ ನೋಡ್ಕೋತಾರೆ ಬಿಡಿ" ಎಂದರು ಭಾವನವರು. ನಮ್ಮವರು ನನ್ನ ಕಿವಿಯ ಬಳಿ, "ಮುಂದಿನ ವಾರ ಆ ಸೋಫಾ ಮೇಲಕ್ಕೆ ಸಾಗಿಸ್ಬೇಕು, ಜಾಗ ಸಾಲ್ದು" ಎಂದರು. ಮುಂದಿನ ವಾರ! ನಿಲ್ಲಿಸುವ ಮಾತು ಅಲ್ಲಿಗೆ ಮುಗಿಯಿತು.

ಹಾಡು ಶುರುವಾಯಿತು. ಸುತ್ತುತ್ತಾ ಸುತ್ತುತ್ತಾ ದನಿ ಏರಿ, ಮೇಲಿನ ಅಡುಗೆಮನೆಯ ಪಾತ್ರೆಗಳೂ ಸದ್ದು ಮಾಡಿದವು. ಭಾವನವರು ನನ್ನ ಪಕ್ಕದಲ್ಲೇ ಇದ್ದರು. ಮೂರನೆಯ ಚರಣದಲ್ಲಿ ಆ ಕಡೆಯಿಂದ ದನಿಯೇ ಕೇಳಿಸಲಿಲ್ಲ. ತಿರುಗಿ ನೋಡಿದೆ. ತುಟಿ ಅಲ್ಲಾಡುತ್ತಿತ್ತು, ಸ್ವರವಿರಲಿಲ್ಲ. ಕನ್ನಡಕದ ಕೆಳಗಿನಿಂದ ನೀರು ಇಳಿಯುತ್ತಿತ್ತು. ಕಾಲು ಮಾತ್ರ ತಾಳಕ್ಕೆ ಸರಿಯಾಗಿ ನಡೆಯುತ್ತಲೇ ಇತ್ತು. ಕೆಲಸ ಹೋದ ದಿನದಿಂದ ಈ ಮನುಷ್ಯ ಒಂದು ಸಲವೂ ಅತ್ತಿರಲಿಲ್ಲ. ಈಗ ಅತ್ತದ್ದೂ ಬೇರೆ ಯಾರಿಗೂ ತಿಳಿಯಲಿಲ್ಲ; ಹಾಡು ಕೂದಲೆಳೆಯಷ್ಟೂ ಕುಗ್ಗಿರಲಿಲ್ಲ.

ನಾನು ಮತ್ತೆ ಅತ್ತ ನೋಡಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅವರ ಪಾಲಿನದನ್ನೂ ಸೇರಿಸಿ ಹಾಡಿದೆ.