ಕೊಲ್ಹಾರದ ಕರಿಕಿಯೂ ನನ್ನ ಸಮದೃಷ್ಟಿಯೂ

ಭೀಮನಿಗೆ ಗದೆ, ಅರ್ಜುನನಿಗೆ ಗಾಂಡೀವ, ನನಗೆ ಕಣ್ಣು! ಕಣ್ಣು ಎಲ್ಲರಿಗೂ ಇರುತ್ತದೆ, ನಿಜ. ಆದರೆ ಕೂದಲೆಳೆಯಷ್ಟು ವಾರೆಯಾದದ್ದನ್ನೂ ಸಹಿಸದ ಕಣ್ಣು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ಎಲ್ಲ ತಾಲ್ಲೂಕುಗಳಿಗೂ ಸೇರಿ ಒಂದೇ ಜೋಡಿ ಇದೆ. ಅದು ನನ್ನ ಮೂಗಿನ ಅಕ್ಕಪಕ್ಕ, ಸಮ ಅಂತರದಲ್ಲಿದೆ. ಸಿಂದಗಿಯ ನೆಂಟರ ಮನೆಗೆ ಊಟಕ್ಕೆ ಹೋದರೆ ಮೊದಲು ಗೋಡೆಯ ಮೇಲಿನ ಹಿರಿಯರ ಫೋಟೋಗಳನ್ನು ನೆಟ್ಟಗೆ ಮಾಡಿ, ಆಮೇಲೆ ಕೈ ತೊಳೆಯುತ್ತೇನೆ. ಮುದ್ದೇಬಿಹಾಳದ ಒಂದು ಮದುವೆಯಲ್ಲಿ ಊಟದ ಪಂಕ್ತಿ ಹಾವಿನಂತೆ ಡೊಂಕಾಗಿದೆಯೆಂದು ಎಲೆಗಳನ್ನೆಲ್ಲ ಸರಿಸಿ ಸಾಲು ಹಿಡಿಸಿದೆ. ಅಷ್ಟರಲ್ಲಿ ಅನ್ನ ಆರಿತ್ತು, ಬೀಗರು ಕುದಿಯುತ್ತಿದ್ದರು. ಬಾಗೇವಾಡಿಯಲ್ಲಂತೂ ನಾನು ಎದುರಿಗೆ ಬರುವುದನ್ನು ಕಂಡರೆ ಹಿರಿಯರು ತಾವಾಗಿಯೇ ಟೊಪ್ಪಿಗೆ ಸರಿಪಡಿಸಿಕೊಳ್ಳುತ್ತಾರೆಂದು ಪ್ರತೀತಿ. ಪ್ರತೀತಿ ಹಬ್ಬಿಸಿದವನು ನಾನೇ ಇರಬಹುದು, ಅದು ಬೇರೆ ಮಾತು.

ಹೆಸರು ಸುಜಯೀಂದ್ರ, ವೃತ್ತಿಯಿಂದ ಭೂಮಾಪಕ. ಇಂಥ ಕಣ್ಣಿಗೆ ಇಂಥ ನೌಕರಿ ಸಿಕ್ಕದ್ದು ಪೂರ್ವಜನ್ಮದ ಪುಣ್ಯ. ಯಾರ ಪುಣ್ಯ ಎಂದು ರಂಜನಾ ಕೇಳುತ್ತಾಳೆ. ರಂಜನಾ ನನ್ನ ಹೆಂಡತಿ.

ಈ ಉಜ್ವಲ ಚರಿತ್ರೆಯಲ್ಲಿ ಒಂದೇ ಕಪ್ಪುಚುಕ್ಕೆ, ನನ್ನ ಮೀಸೆ. ಒಮ್ಮೆ ಎಡಗಡೆ ಚೂರು ಹೆಚ್ಚಾಗಿದೆ ಎನಿಸಿತು, ಕತ್ತರಿಸಿದೆ. ಬಲಗಡೆ ಹೆಚ್ಚಾಯಿತು. ಅದನ್ನು ಕತ್ತರಿಸಿದೆ, ಎಡಗಡೆ ತಕರಾರು ತೆಗೆಯಿತು. ಹೀಗೆ ನ್ಯಾಯ ಒದಗಿಸುತ್ತ ಹೋದಂತೆ ಕೊನೆಗೆ ನ್ಯಾಯ ಉಳಿಯಿತು, ಕಕ್ಷಿದಾರರಿಬ್ಬರೂ ಉಳಿಯಲಿಲ್ಲ. ಆದರೆ ನನ್ನ ಮೇಲ್ದುಟಿಯಷ್ಟು ಸಮವಾದ ಜಾಗ ಆ ದಿನ ಇಡೀ ಇಂಡಿಯಲ್ಲಿ ಇರಲಿಲ್ಲ.

ಇನ್ನು ಹುಲ್ಲಿನ ವಿಷಯ. ಇಂಡಿಯ ನಮ್ಮ ಮನೆಯ ಮುಂದೆ, ಗೇಟಿನಿಂದ ತುಳಸಿಕಟ್ಟೆಯವರೆಗೆ ರಂಜನಾ ಒಂದು ಲಾನ್ ಬೆಳೆಸಿದ್ದಳು. ಅಂಗಡಿಯಿಂದ ಚಾಪೆಯಂತೆ ಸುತ್ತಿ ತರುವ ಹುಲ್ಲಲ್ಲ, ಅಪ್ಪಟ ಗರಿಕೆ, ನಮ್ಮ ಕಡೆಯ ಕರಿಕಿ. ಆಕೆಯ ತವರು ಕೊಲ್ಹಾರ. ಹಳೆಯ ಊರು ಕೃಷ್ಣೆಯ ಹಿನ್ನೀರಿನ ಕೆಳಗೆ ಹೋದಾಗ ಆಕೆ ಆಡಿ ಬೆಳೆದ ಹಸಿರು ದಂಡೆಯೂ ಹೋಯಿತು. ಒಂದು ಬೇಸಗೆಯಲ್ಲಿ ನೀರು ಇಳಿದಾಗ ಅಂಚಿನಲ್ಲಿ ಚಿಗುರಿದ ಕರಿಕಿಯನ್ನು ಬೇರುಸಹಿತ ಚೀಲಕ್ಕೆ ತುಂಬಿ, ಬಸ್ಸಿನಲ್ಲಿ ತಂದು ನಮ್ಮ ಕಪ್ಪು ಎರಿ ಮಣ್ಣಿನಲ್ಲಿ ನೆಟ್ಟಳು. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ನಾನು ಮುಖ ತೊಳೆದ ನೀರು ಎಲ್ಲವೂ ಅದಕ್ಕೇ. ಪಕ್ಕದ ಮನೆಯ ಮೋದಿನಸಾಬ ಗೇಟಿನ ಹತ್ತಿರ ನಿಂತು, ಮಸೂತಿ ಎಂಬ ಊರಿನ ತನ್ನ ಹೊಲದಿಂದ ಅಪ್ಪ ಅಜ್ಜನ ಕಾಲದಿಂದಲೂ ಕಿತ್ತೆಸೆಯುತ್ತಿರುವ ಕಳೆಗೆ ಇಲ್ಲಿ ಕೊಡ ಹಿಡಿದು ನೀರು ಹಾಕುವುದನ್ನು ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದ.

ಚೈತ್ರ ಬಂತು. ಕರಿಕಿ ಹಿಮ್ಮಡಿ ಮುಚ್ಚುವಷ್ಟು ಬೆಳೆದಿತ್ತು. ಶುಕ್ರವಾರ ನಮ್ಮಲ್ಲಿ ಚೈತ್ರಗೌರಿಯ ಅರಿಶಿನ ಕುಂಕುಮ. ಗೌರಿಯನ್ನು ತೊಟ್ಟಿಲಲ್ಲಿ ಕೂಡಿಸಿ ತೂಗುವುದು, ಓಣಿಯ ಹೆಂಗಸರನ್ನೆಲ್ಲ ಕರೆದು ಕೋಸಂಬರಿ, ಮಾವಿನಕಾಯಿ ಪಾನಕ ಕೊಟ್ಟು, ನೆನೆಸಿದ ಕಡಲೆಯಿಂದ ಉಡಿ ತುಂಬುವುದು. ಈ ಸಲ ಎಲ್ಲವೂ ಲಾನಿನ ಮೇಲೆ ಎಂದು ರಂಜನಾ ನಿರ್ಧರಿಸಿದ್ದಳು. ಕಾರಣ ಆಕೆಯ ಸೋದರತ್ತೆ ಸರಸ್ವತೀಬಾಯಿ. ಮೊಣಕಾಲು ನೋವಿನಿಂದ ಹೊಸ ಕೊಲ್ಹಾರದ ಮನೆಯಿಂದ ಹೊರಬೀಳದ ಹಿರಿಯ ಜೀವ. ಅವರು ಫೋನಿನಲ್ಲಿ ಒಂದು ಮಾತು ಹೇಳಿದ್ದರು: “ಹಸಿ ಹುಲ್ಲಿನ ಮ್ಯಾಲೆ ಕಾಲಿಟ್ಟು ಎಷ್ಟ ವರ್ಷಾತು ರಂಜೂ.” ಅಷ್ಟೇ. ಅತ್ತೆಯನ್ನು ಕರೆತಂದು ಆ ಹುಲ್ಲಿನ ಮೇಲೆ ನಡೆಸದೆ ಬಿಡುವುದಿಲ್ಲ ಎಂದು ಈಕೆ ಹಟ ತೊಟ್ಟಳು.

ಗುರುವಾರ ಬೆಳಗ್ಗೆ, ಕೊಲ್ಹಾರದಲ್ಲಿ ಒಂದು ರಾತ್ರಿ ತಂಗಿ ಅತ್ತೆಯನ್ನು ಕರೆತರಲು ಹೊರಟವಳು ಗೇಟಿನಲ್ಲಿ ನಿಂತು ನನಗೊಂದು ಕೆಲಸ ಒಪ್ಪಿಸಿದಳು.

“ತುದಿ ಅಷ್ಟ ಕತ್ತರಿಸಬೇಕು. ಸೋಮನಿಂಗಗ ಹೇಳ್ರಿ, ಕುಡಗೋಲು ತಂದು ಮಾಡಿ ಹೋಗ್ತಾನ.”

“ಕುಡಗೋಲಿಂದ ಕೊಯ್ದದ್ದು ತೆರಿ ತೆರಿ ಆಗ್ತದ. ನಾ ಇರಲಿಕ್ಕೆ ಸೋಮನಿಂಗ ಯಾಕ?”

ಆಕೆ ನನ್ನ ಮೂಗಿನ ಕೆಳಗೆ ನೋಡಿದಳು. ಮೀಸೆ ಮತ್ತೆ ಬೆಳೆದಿತ್ತು, ಆದರೆ ನೆನಪು ಬೋಳಾಗಿಯೇ ಇತ್ತು.

“ಮೀಸಿ ಕಥಿ ಆಗಬಾರದು ನೋಡ್ರಿ” ಎಂದು ಆಟೋ ಹತ್ತಿದಳು.

ನಾನು ತೋಳೇರಿಸಿದೆ. ನಾನು ಕತ್ತರಿಸುವ ಹುಲ್ಲಿನ ಮೇಲೆ ತುಂಬಿದ ಲೋಟ ಇಟ್ಟರೆ ಹನಿ ಚೆಲ್ಲಬಾರದು! ಹಾಗೆಂದು ಮೋದಿನಸಾಬನ ಮುಂದೆ ಘೋಷಿಸಿದೆ. ಮೋದಿನಸಾಬನದು ಮೋಟಾರು ರಿಪೇರಿ ಅಂಗಡಿ. ಆತನ ಮನೆಯಲ್ಲಿ ಯಾವ ವಸ್ತುವೂ ಹುಟ್ಟಿದ ರೂಪದಲ್ಲಿ ಸಾಯುವುದಿಲ್ಲ. ದನಗಳ ಮೇವಿನ ಕಣಿಕೆ ಕತ್ತರಿಸುವ ಯಂತ್ರದ ಮೋಟಾರು, ಸೀಲಿಂಗ್ ಫ್ಯಾನಿನ ರೆಕ್ಕೆಯನ್ನು ಮಸೆದು ಮಾಡಿದ ಅಲಗು, ಮಗುವಿನ ಮೂರು ಗಾಲಿ ಸೈಕಲ್ಲಿನ ಗಾಲಿ ಇವೆಲ್ಲ ಕೂಡಿ ಮಧ್ಯಾಹ್ನದ ಹೊತ್ತಿಗೆ ಒಂದು ಹುಲ್ಲಿನ ಯಂತ್ರವಾಗಿ ನಮ್ಮ ಅಂಗಳಕ್ಕೆ ಇಳಿಯಿತು. ಗುಂಡಿ ಒತ್ತಿದರೆ ಓಣಿಯ ನಾಯಿಗಳೆಲ್ಲ ಒಮ್ಮೆಲೇ ಎದ್ದು ಸ್ಟೇಷನ್ ರಸ್ತೆ ಹಿಡಿದವು.

“ಇದು ಹುಲ್ಲ ಕತ್ತರಿಸೂದಿಲ್ರಿ ಸಾಹೇಬ್ರ” ಎಂದ ಮೋದಿನಸಾಬ, “ಇದನ್ನ ನೋಡಿ ಹುಲ್ಲ ತಾನಾ ಅಂಜಿ ಸಣ್ಣಾಗತೈತಿ.”

ಬರಿಗಣ್ಣಿನಿಂದ ಕತ್ತರಿಸಿದರೆ ನಾನೆಂಥ ಭೂಮಾಪಕ? ನಾಲ್ಕು ಮೂಲೆಗೆ ಗೂಟ ಹೊಡೆದೆ. ಗೌಂಡಿಗಳು ಪಾಯ ನೋಡುವಂತೆ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ಹಿಡಿದೆ. ಗೂಟದಿಂದ ಗೂಟಕ್ಕೆ ದಾರ ಬಿಗಿದೆ. ಆಗ ಕಂಡದ್ದೇ ಬೇರೆ ಲೋಕ. ಎರಡು ವರ್ಷ ಆ ಹುಲ್ಲಿನ ಮೇಲೆ ಕೂತು ಚಹ ಕುಡಿದಿದ್ದೆ, ನೆಲ ಗೇಟಿನ ಕಡೆಗೆ ಇಳಿಜಾರಾಗಿದೆ ಎಂದು ಗೊತ್ತೇ ಇರಲಿಲ್ಲ! ದಾರದ ಮಟ್ಟಕ್ಕೆ ಯಂತ್ರ ಓಡಿಸಿದರೆ ಗೇಟಿನ ಹತ್ತಿರ ಅದು ಹುಲ್ಲನ್ನು ಮುಟ್ಟಲಿಲ್ಲ, ತುಳಸಿಕಟ್ಟೆಯ ಹತ್ತಿರ ಮಣ್ಣನ್ನೂ ಬಿಡಲಿಲ್ಲ. ಅಲ್ಲೊಂದು ಬೋಳು ಬಿತ್ತು. ಗೇಟಿನ ಕಡೆ ಕೂದಲು, ಕಟ್ಟೆಯ ಕಡೆ ಬೋಳು, ಪಕ್ಷಪಾತ ನನಗಾಗದು. ದಾರವನ್ನು ಇಳಿಸಿದೆ. ಮತ್ತೆ ಓಡಿಸಿದೆ. ಬೋಳು ದೊಡ್ಡದಾಯಿತು, ಆದರೆ ಅಂಚುಗಳು ನೆಟ್ಟಗಾದವು. ಸಂಜೆಗೆ ಮಟ್ಟ ಬಂತು. ಬಣ್ಣ ಮಾತ್ರ ಸ್ವಲ್ಪ ಗೋಣಿಚೀಲದ ಕಡೆಗೆ ವಾಲಿತ್ತು. ರಾತ್ರಿ ಕಳೆದರೆ ಹಸಿರು ಮರಳುತ್ತದೆ ಎಂದು ಪೈಪು ಹಿಡಿದು ಇಡೀ ಅಂಗಳಕ್ಕೆ ಕೃಷ್ಣೆಯನ್ನೇ ಹರಿಸಿ ಮಲಗಿದೆ.

ಇಲ್ಲಿ ಓದುಗರು ದಯವಿಟ್ಟು ನಗಬಾರದು. ಎರಿ ಮಣ್ಣು ಒಣಗಿದರೆ ಬಿರಿಯುತ್ತದೆ, ನೀರು ಕುಡಿದರೆ ಉಬ್ಬುತ್ತದೆ ಎಂಬುದು ನಮ್ಮ ಕಡೆ ತೊಟ್ಟಿಲ ಕೂಸಿಗೂ ಗೊತ್ತು. ನನಗೂ ಗೊತ್ತು. ಪರರ ಹೊಲದಲ್ಲಿ ನಿಂತಾಗ ಬಹಳ ಚೆನ್ನಾಗಿ ಗೊತ್ತಿರುತ್ತದೆ.

ಶುಕ್ರವಾರ ಬೆಳಗ್ಗೆ ಬಾಗಿಲು ತೆರೆದರೆ ನನ್ನ ಅಂಗಳ ನೆನೆಹಾಕಿದ ಕಡಲೆಯಂತೆ ಉಬ್ಬಿ ಕೂತಿತ್ತು. ಒಂದು ಕಡೆ ಗುಡ್ಡ, ಒಂದು ಕಡೆ ತಗ್ಗು, ಗೂಟಗಳು ಕುಡುಕರಂತೆ ನಾಲ್ಕು ದಿಕ್ಕಿಗೆ ವಾಲಿದ್ದವು. ಹಿಂದಿನ ದಿನ ಹಿಡಿದ ಮಟ್ಟವನ್ನು ಭೂಮಿತಾಯಿ ರಾತ್ರೋರಾತ್ರಿ ರದ್ದು ಮಾಡಿದ್ದಳು!

ಬುದ್ಧಿಯಿದ್ದವನು ಅಲ್ಲಿಗೆ ಕೈ ತೊಳೆಯುತ್ತಿದ್ದ. ನನಗೆ ಕಣ್ಣಿತ್ತು. ಮೋದಿನಸಾಬನನ್ನು ಕೂಗಿದೆ. ಯಂತ್ರ ಮೊದಲ ಗುಡ್ಡವನ್ನು ಏರಿ, ಕೆಸರಿನಲ್ಲಿ ಮುಖವಿಟ್ಟು, ಒಮ್ಮೆ ಕೆಮ್ಮಿ ಸುಮ್ಮನಾಯಿತು. ನಾವು ಸಲಿಕೆ ಹಿಡಿದೆವು. ಗುಡ್ಡ ಕೆರೆದು ತಗ್ಗಿಗೆ ಹಾಕಿದೆವು. ತಗ್ಗು ಗುಡ್ಡವಾಯಿತು. ಅದನ್ನು ಕೆರೆದು ಮೊದಲಿನ ಗುಡ್ಡದ ಜಾಗಕ್ಕೆ ಹಾಕಿದೆವು. ಸಮದ ರೋಗ ಅಂಟುಜಾಡ್ಯವೆಂದು ನನಗೆ ಅಂದೇ ತಿಳಿದದ್ದು. ದಾರ ಹಿಡಿದ ಮೋದಿನಸಾಬ ಒಂದು ಕಣ್ಣು ಮುಚ್ಚಿ, ಆ ಕಡೆ ಇನ್ನೊಂದು ಚೂರು, ಈ ಕಡೆ ಒಂದು ಕೂದಲೆಳೆ ಎಂದು ನನಗೇ ಹುಕುಂ ಕೊಡತೊಡಗಿದ್ದ. ಬಿಸಿಲು ಏರಿತು. ಮೇಲ್ಮಣ್ಣು ಆರಿತು. ಕೊನೆಗೆ ಪೈಪಿನ ಎರಡೂ ತುದಿಯಲ್ಲಿ ನೀರು ಒಂದೇ ಗೆರೆಗೆ ನಿಂತಿತು. ನಾವಿಬ್ಬರೂ ಸಲಿಕೆ ಊರಿ ದಿಗ್ವಿಜಯಿಗಳಂತೆ ನಿಂತೆವು.

ಕಂಪೌಂಡಿನ ಆಚೆಯಿಂದ ಮೋದಿನಸಾಬನ ಹೆಂಡತಿ ರಾಜಬಿ ಇಣುಕಿದಳು.

“ಏನ ಬಾವಿ ತೋಡಾಕತ್ತೀರೇನ?”

“ಇಲ್ಲ, ಹುಲ್ಲ ಸಮ ಮಾಡೇವಿ” ಎಂದ ಮೋದಿನಸಾಬ.

“ಅದ್ರಾಗ ಹುಲ್ಲ ಯಾವದು?”

ನಾವಿಬ್ಬರೂ ಮೊದಲ ಬಾರಿಗೆ ದಾರವನ್ನು ಬಿಟ್ಟು ನೆಲವನ್ನು ನೋಡಿದೆವು. ಗೇಟಿನಿಂದ ತುಳಸಿಕಟ್ಟೆಯವರೆಗೆ ಕಪ್ಪು ಹಲಗೆಯಂಥ ನೆಲ. ಹುಲ್ಲು ಇರಲಿಲ್ಲವೆಂದಲ್ಲ. ಇತ್ತು. ಅಂಗಳದ ಮೂಲೆಯ ಬೇವಿನ ಮರದ ಕೆಳಗೆ ರಾಶಿಯಾಗಿ ಬಿದ್ದಿತ್ತು.

ಆಗಲೇ ಆಟೋ ಬಂದು ನಿಂತಿತು. ಸರಸ್ವತೀಬಾಯಿ ಇಳಿದರು. ರಂಜನಾ ದಾರಿಯುದ್ದಕ್ಕೂ ಹೇಳಿರಬೇಕು, ಅವರು ಗೇಟಿನ ಹೊರಗೇ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ, ಸೊಸೆಯ ತೋಳು ಹಿಡಿದು, ಮುಖ ಅರಳಿಸಿಕೊಂಡು ಒಳಗೆ ಒಂದು ಹೆಜ್ಜೆ ಇಟ್ಟರು. ಇಟ್ಟ ಕಾಲನ್ನು ನೋಡಿಕೊಂಡರು.

ರಂಜನಾ ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಉತ್ತರಗಳು ಸಿದ್ಧವಿದ್ದವು.

“ಹುಲ್ಲು?”

“ಅಲ್ಲಿ ಅದ” ಎಂದು ರಾಶಿ ತೋರಿಸಿದೆ.

“ತುದಿ ಅಷ್ಟ ಅಂದಿದ್ದೆ.”

“ತುದೀನ ಕತ್ತರಿಸಿದೆ. ಅದು ಬುಡದತನಕ ತುದೀನ ಆಗಿಕೋತ ಹೋತು.”

ಆಕೆ ನಗಲಿಲ್ಲ. ಬಗ್ಗಿ, ಸಲಿಕೆಯ ಬಾಯಿಗೆ ಸಿಕ್ಕ ಒಂದು ಬಳ್ಳಿಯನ್ನು ಎತ್ತಿ ಮಣ್ಣು ಒರೆಸಿದಳು. “ಬಸ್ಸಿನ್ಯಾಗ ತೊಡಿ ಮ್ಯಾಲೆ ಇಟಗೊಂಡು ತಂದಿದ್ದೆರಿ ಇದನ್ನ” ಎಂದಳು, ಮೆಲ್ಲಗೆ.

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಚೈತ್ರದಲ್ಲಿ ನಮ್ಮ ಎರಿ ಭೂಮಿ ಬಾಯಿ ಬಿಟ್ಟುಕೊಂಡೇ ಇರುತ್ತದೆ, ಸಾಧಾರಣ ಗಾತ್ರದ ಗಂಡಸು ಆರಾಮಾಗಿ ಇಳಿಯಬಹುದು. ಆದರೆ ರಾತ್ರಿಯೆಲ್ಲ ನೀರು ಕುಡಿಸಿ ಬಿರುಕುಗಳನ್ನೆಲ್ಲ ಮುಚ್ಚಿದ್ದವನು ನಾನೇ.

ಸರಸ್ವತೀಬಾಯಿ ಮಾತ್ರ ನಮ್ಮ ಕಡೆ ನೋಡಲೇ ಇಲ್ಲ. ಮೊಣಕಾಲು ಎಳೆದುಕೊಂಡು ಬೇವಿನ ಮರದ ಕೆಳಗೆ ಹೋದರು. ಅಲ್ಲಿದ್ದ ಕುರ್ಚಿಯಲ್ಲಿ ಕೂತು, ಎರಡೂ ಪಾದಗಳನ್ನು ಆ ಹಸಿ ರಾಶಿಯೊಳಗೆ ಹಿಮ್ಮಡಿ ಮುಳುಗುವಂತೆ ಇಳಿಸಿ, ಕಣ್ಣು ಮುಚ್ಚಿದರು.

“ರಂಜೂ, ಇಲ್ಲಿ ಬಾ” ಎಂದರು. “ನಮ್ಮ ದಂಡಿ ವಾಸನಿ ಬರಲಿಕ್ಕೆ ಹತ್ತದ ನೋಡು.”

ರಂಜನಾ ಹೋಗಿ ಅವರ ಕಾಲ ಹತ್ತಿರ ಕೂತಳು. ಇಬ್ಬರೂ ಮುಳುಗಿದ ಊರಿನ ಯಾವುದೋ ಘಾಟು, ಯಾವುದೋ ಪೇರಲ ಗಿಡ ಎಂದು ಮಾತಾಡಿಕೊಂಡರು. ನಾನೂ ಮೋದಿನಸಾಬನೂ ಸಲಿಕೆಗಳ ಹಿಂದೆ ಅಡಗಿ ನಿಂತಿದ್ದೆವು. ಸಲಿಕೆಯ ಹಿಂದೆ ಅಡಗುವುದು ಎಷ್ಟು ಕಷ್ಟ ಎಂಬುದು ಅಡಗಿದವರಿಗೇ ಗೊತ್ತು.

ಬಹಳ ಹೊತ್ತಿನ ಮೇಲೆ ರಂಜನಾ ನನ್ನ ಕಡೆ ತಿರುಗದೆಯೇ ಹೇಳಿದಳು: “ಶಗಣಿ ತರ್ರಿ.”

ರಾಜಬಿ ಆಗಲೇ ತನ್ನ ಎಮ್ಮೆಯ ಕೊಟ್ಟಿಗೆಯಿಂದ ಬುಟ್ಟಿ ತುಂಬಿಸಿಟ್ಟಿದ್ದಳು. ಹೆಂಗಸರಿಬ್ಬರೂ ಸೆರಗು ಸಿಕ್ಕಿಸಿ ಸಾರಿಸಲು ಕೂತರು. ನಾವು ಗಂಡಸರು ಶಗಣಿ ಮತ್ತು ನೀರು ಹೊತ್ತೆವು. ಎಲ್ಲಿ ಹೊಯ್ಯಬೇಕೆಂದು ಅವರು ಬೆರಳು ತೋರಿಸಿದರು, ಸಮದ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ನನ್ನ ಸಪ್ಪೆ ಮೋರೆ ನೋಡಲಾರದೆ ಮೋದಿನಸಾಬ ಸಮಾಧಾನ ಹೇಳಿದ: “ಚಿಂತಿ ಮಾಡಬ್ಯಾಡ್ರಿ ಸಾಹೇಬ್ರ. ಕರಿಕಿ ನಮ್ಮಪ್ಪನ ಕೈಲೆ ಸತ್ತಿಲ್ಲ, ನಿಮ್ಮ ಕೈಲೆ ಏನ ಸಾಯತೈತಿ? ಮಳಿಗಾಲಕ್ಕ ಮತ್ತ ಏಳತೈತಿ.” ಇಷ್ಟು ಹಿತವಾದ ಅವಮಾನ ನನಗೆ ಹಿಂದೆಂದೂ ಆಗಿರಲಿಲ್ಲ.

ಸಂಜೆಗೆ ಅಂಗಳ ಒಣಗಿ ಫಳಫಳ ಹೊಳೆಯಿತು. ಅದರ ನಡುವೆ ರಂಜನಾ ದೊಡ್ಡ ರಂಗೋಲಿ ಎಳೆದಳು. ರಾಶಿಯಿಂದ ಆರಿಸಿದ ಎಳೆಯ ಕರಿಕಿಯಿಂದ ಗೌರಿಯ ತೊಟ್ಟಿಲು ಹಸಿರಾಯಿತು. ಉಳಿದ ರಾಶಿಯಲ್ಲಿ ಪಾದ ಹುದುಗಿಸಿಕೊಂಡು ಸರಸ್ವತೀಬಾಯಿ ಇನ್ನೊಬ್ಬ ಗೌರಿಯಂತೆ ಕೂತಿದ್ದರು. ಅರಿಶಿನ ಕುಂಕುಮದಲ್ಲಿ ಗಂಡಸರಿಗೆ ಏನು ಕೆಲಸ? ನನಗಿತ್ತು. ಪಾನಕದ ಲೋಟಗಳ ತಟ್ಟೆ ಹಿಡಿದು ತಿರುಗುವ ಶಿಕ್ಷೆಯನ್ನು ರಂಜನಾ ಒಂದೇ ಹುಬ್ಬಿನಿಂದ ವಿಧಿಸಿದ್ದಳು.

ಬಂದವರೆಲ್ಲ ನೆಲ ನೋಡಿ ಬೆರಗಾದರು. ನಮ್ಮ ಕಚೇರಿಯ ಸಾಹೇಬರ ಪತ್ನಿ ವರದಾಬಾಯಿ ಹೊಸ ಮನೆ ಕಟ್ಟಿಸುತ್ತಿದ್ದಾರೆ. ಅವರು ಅಂಗಳದ ಈ ತುದಿಯಿಂದ ಆ ತುದಿಗೆ ನಡೆದು ಹೋಗಿ, ಮರಳಿ ಬಂದು, ನನ್ನ ತಟ್ಟೆಯಿಂದ ತುಂಬಿದ ಲೋಟವೊಂದನ್ನು ತೆಗೆದು ನೆಲದ ಮೇಲಿಟ್ಟು ನೋಡಿದರು. ಹನಿ ಚೆಲ್ಲಲಿಲ್ಲ.

“ಇಷ್ಟ ಸಮ ಅಂಗಳ ನಾ ಎಲ್ಲೂ ನೋಡಿಲ್ರಿ. ನಮ್ಮ ಮನೀಗೂ ಹಿಂಗ ಮಾಡಸಬೇಕು. ಹೆಂಗ ಮಾಡಿದ್ರಿ ಇದನ್ನ?”

ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ನಾಲ್ಕು ತಾಲ್ಲೂಕಿಗೆ ಒಂದೇ ಜೋಡಿಯಾದ ಕಣ್ಣು, ಪೈಪಿನ ಮಟ್ಟ, ದಾರದ ಶಾಸ್ತ್ರ, ಎರಿ ಮಣ್ಣಿನ ಮನೋಧರ್ಮ ಎಲ್ಲವೂ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ಆಚೆ ಕುಂಕುಮದ ಬಟ್ಟಲು ಹಿಡಿದ ರಂಜನಾ, ಉಡಿ ತುಂಬುವುದನ್ನು ನಿಲ್ಲಿಸಿ, ನನ್ನ ಮೀಸೆಯನ್ನೇ ನೋಡುತ್ತಿದ್ದಳು.

ನಾನು ತಟ್ಟೆಯಲ್ಲಿ ವಾರೆಯಾಗಿದ್ದ ಒಂದು ಲೋಟವನ್ನು ನೆಟ್ಟಗೆ ಮಾಡಿದೆ.

“ಏನಿಲ್ರಿ. ಹುಲ್ಲು ಕತ್ತರಿಸಲಿಕ್ಕೆ ಹೋಗಿದ್ದೆ.”